ನಿಮಿಷಕ್ಕೆ ಹದಿನಾಲ್ಕು ಉಸಿರು

ಮಾರ್ಚ್ ೧೪, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಮೊಂಡ ತಮ್ಮನ ನಮಸ್ಕಾರ. ನಿನ್ನ ಕಾಗದ ಬಂದು ಮೂರು ವಾರವಾಯಿತು. ಕೆಲಸ ಹೆಚ್ಚಿತ್ತು ಎಂದು ಬರೆದರೆ ನೀನು ನಂಬುವವಳಲ್ಲ, ಚಿಕ್ಕಂದಿನಿಂದ ನನ್ನ ನೆಪಗಳನ್ನೆಲ್ಲ ಕಂಡವಳು. ನಿಜ ಹೇಳಬೇಕೆಂದರೆ ನಿನ್ನ ಪ್ರಶ್ನೆಗೆ ಹೆದರಿ ಕೂತಿದ್ದೆ.

ಭಾವ ಹೋಗಿ ಎರಡು ತಿಂಗಳಾದರೂ ಮಗಳು ನಿನ್ನೊಡನೆ ಮುಖ ಕೊಟ್ಟು ಮಾತಾಡುತ್ತಿಲ್ಲ ಎಂದು ಬರೆದಿದ್ದೀಯ. "ಪರೀಕ್ಷೆ ಪರೀಕ್ಷೆ ಅಂತ ಅಪ್ಪನ್ನ ಕೊನೇ ಸಲ ನೋಡೋಕೂ ಬಿಡಲಿಲ್ಲ ನೀನು" ಎಂದಳಂತೆ. ಕೊನೆಗೆ ನನ್ನನ್ನು ಕೇಳಿದ್ದೀಯ: "ಸೋಮವಾರ ಮಧ್ಯಾಹ್ನ ತಾವೇ ಉಸಿರಾಡ್ತಿದ್ದೋರು ಮಂಗಳವಾರ ಬೆಳಗ್ಗೆ ಹೇಗೆ ಹೋಗ್ಬಿಟ್ರು? ಆ ಯಂತ್ರ ಏನ್ ಮಾಡುತ್ತೆ, ನನಗೆ ಅರ್ಥ ಆಗೋ ಹಾಗೆ ಬರಿ."

ಬರೆಯುತ್ತೇನೆ. ಹದಿನೆಂಟು ವರ್ಷದಿಂದ ಆಸ್ಪತ್ರೆಯ ವೆಂಟಿಲೇಟರ್‌ಗಳನ್ನು ನೋಡಿಕೊಳ್ಳುವವನು ನಾನು, ಇಷ್ಟಾದರೂ ಬರಬೇಕಲ್ಲ. ನಾವು ಉಸಿರನ್ನು ಎಳೆದುಕೊಳ್ಳುತ್ತೇವೆ; ಎದೆ ಹಿಗ್ಗುತ್ತದೆ, ಗಾಳಿ ತಾನಾಗಿ ಒಳಗೆ ಬರುತ್ತದೆ. ಯಂತ್ರ ತಳ್ಳುತ್ತದೆ. ಗಂಟಲೊಳಗೆ ಇಳಿಸಿದ ಕೊಳವೆಯಲ್ಲಿ ನಾವು ಗೊತ್ತುಮಾಡಿದಷ್ಟು ಗಾಳಿಯನ್ನು ಕಳಿಸಿ ನಿಲ್ಲಿಸುತ್ತದೆ. ಹೊರಗೆ ಬಿಡುವ ಕೆಲಸ ಎದೆಯದೇ, ಹಿಗ್ಗಿದ್ದು ತಾನೇ ಕುಗ್ಗುತ್ತದೆ. ಶ್ವಾಸಕೋಶ ಮುದುಡಿಕೊಳ್ಳದಿರಲೆಂದು ಯಂತ್ರ ಪ್ರತಿ ಉಸಿರಿನ ಕೊನೆಯಲ್ಲೂ ಒಂದಿಷ್ಟು ಒತ್ತಡ ಉಳಿಸಿರುತ್ತದೆ. ಭಾವನಿಗೆ ನಿಮಿಷಕ್ಕೆ ಹದಿನಾಲ್ಕು ಉಸಿರು ಇಟ್ಟಿದ್ದೆವು. ನಡುವೆ ರೋಗಿ ತಾನಾಗಿ ಉಸಿರೆಳೆಯಲು ನೋಡಿದರೆ ಯಂತ್ರಕ್ಕೆ ಗೊತ್ತಾಗುತ್ತದೆ, ಕೂಡಲೇ ಆ ಉಸಿರಿಗೂ ಗಾಳಿ ಕೊಡುತ್ತದೆ. ಆಗ ಪರದೆಯ ಮೇಲೆ ಸಂಖ್ಯೆ ಏರುತ್ತದೆ.

ಭಾವ ಇದನ್ನು ಕೇಳಿದ್ದರೆ, "ನಿನ್ ಯಂತ್ರಕ್ಕಿಂತ ನನ್ನ ಹೊಲಿಗೆ ಮೆಷಿನ್ನೇ ವಾಸಿ ಕಣೋ, ಕಾಲು ಎತ್ತಿದ್ರೆ ಸುಮ್ನಾಗುತ್ತೆ" ಎನ್ನುತ್ತಿದ್ದರು.

ಸೋಮವಾರ ಮಧ್ಯಾಹ್ನ ಪರದೆಯಲ್ಲಿ ಇಪ್ಪತ್ತೆರಡು ಕಂಡಿತು. ಹೊರಗಿನ ಬೆಂಚಿನಲ್ಲಿದ್ದ ನಿನ್ನ ಬಳಿ ಓಡಿಬಂದು, "ಅಕ್ಕ, ಭಾವ ತಾವೇ ಉಸಿರು ತಗೊಳ್ತಿದ್ದಾರೆ" ಎಂದೆ. ನೀನು ನನ್ನ ಎರಡೂ ಕೈ ಹಿಡಿದು ಅತ್ತುಬಿಟ್ಟೆ.

ಅಕ್ಕ, ಅವು ಭಾವನ ಉಸಿರಲ್ಲ. ಕೊಳವೆಯ ತಗ್ಗಿನಲ್ಲಿ ನೀರು ನಿಂತಿತ್ತು. ಗಾಳಿಯನ್ನು ಬೆಚ್ಚಗೆ, ತೇವ ಮಾಡಿ ಕಳಿಸುತ್ತೇವೆ. ಆ ತೇವ ದಾರಿಯಲ್ಲಿ ತಣಿದು ನೀರಾಗುತ್ತದೆ. ನೀರು ಕುಲುಕಿದಾಗಲೆಲ್ಲ ರೋಗಿ ಉಸಿರೆಳೆದರೆಂದು ತಿಳಿದು ಯಂತ್ರ ಗಾಳಿ ತಳ್ಳುತ್ತಿತ್ತು. "ಸಂಖ್ಯೆ ಏರಿದ್ರೆ ಕುಣೀಬೇಡಿ, ಮೊದ್ಲು ಕೊಳವೆ ನೋಡಿ" ಎಂದು ಹೊಸಬರಿಗೆ ಪಾಠ ಹೇಳುವವನೇ ನಾನು. ನಮ್ಮವರು ಮಲಗಿದ್ದಾಗ ಆ ಪಾಠ ತಲೆಯಿಂದ ಹಾರಿಹೋಗಿತ್ತು. ಹಿರಿಯ ನರ್ಸ್ ಬಂದು ನೀರು ಬಸಿದರು. ಸಂಖ್ಯೆ ಹದಿನಾಲ್ಕಕ್ಕೆ ಇಳಿದು ಅಲ್ಲೇ ನಿಂತಿತು. "ನಿಮ್ಮೋರು ಅಂತ ಕಣ್ಣು ಮಂಜಾಗಿದೆ, ಹೋಗ್ಲಿ ಬಿಡಿ" ಎಂದರು. ಬೈದಿದ್ದರೆ ಮನಸ್ಸು ಹಗುರವಾಗುತ್ತಿತ್ತು.

ಒಂದು ಮಾತು ಮಾತ್ರ ನಂಬು. ಭಾವ ನಿದ್ದೆಯ ಔಷಧದಲ್ಲಿದ್ದರು. ಹೃದಯ ಸೋತಿತು, ಆದರೆ ಉಸಿರಿಗಾಗಿ ಅವರು ಒದ್ದಾಡಲಿಲ್ಲ. ಕೊನೆಯವರೆಗೂ ಪಕ್ಕದಲ್ಲಿದ್ದು ನೋಡಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಬಿ.ಪಿ. ಮಾತ್ರೆ ಮರೆತು ಆಮೇಲೆ ನನ್ನ ಮೇಲೆ ರೇಗಬೇಡ. ನೀನು ಚೆನ್ನಾಗಿದ್ದರೆ ನನಗೆ ಅಷ್ಟೇ ಸಾಕು. ಮಗಳಿಗೆ ಮಾವನ ಆಶೀರ್ವಾದ.

ಇಂತಿ ನಿನ್ನ,
ಮೊಂಡ

ವಿ.ಸೂ.: ಲಕೋಟೆಗೆ ಹಾಕಿದ್ದನ್ನು ಮತ್ತೆ ಹೊರಗೆ ತೆಗೆದೆ. ನೀರು ಬಸಿದ ಕೂಡಲೇ ನಿನಗೆ ಹೇಳಲೆಂದು ಬಂದಿದ್ದೆ. ನೀನು ಫೋನಿನಲ್ಲಿ ಮಗಳಿಗೆ, "ಅಪ್ಪ ತಾವೇ ಉಸಿರಾಡ್ತಿದ್ದಾರೆ, ಗಾಬರಿ ಬೇಡ, ನಾಳೆ ಪರೀಕ್ಷೆ ಮುಗಿಸ್ಕೊಂಡೇ ಬಾ" ಎನ್ನುತ್ತಿದ್ದೆ. ಹತ್ತು ದಿನಗಳ ಮೇಲೆ ನಿನ್ನ ಮುಖದಲ್ಲಿ ನಗು ಕಂಡಿದ್ದೆ. "ನೀನೂ ಒಂದ್ಮಾತು ಹೇಳು" ಎಂದು ನೀನು ನನ್ನತ್ತ ಫೋನ್ ಚಾಚಿದೆ. ನಾನು ತಲೆಯಾಡಿಸಿ ಒಳಗೆ ಹೋದೆ. ಆಗಲೇ ಹೊರಟಿದ್ದರೆ ಅವಳು ಸಂಜೆಯೊಳಗೆ ತಲುಪುತ್ತಿದ್ದಳು. ಈ ಕಾಗದ ಅವಳ ಕೈಗೆ ಕೊಡು. ಅವಳು ಮಾತು ಬಿಡಬೇಕಾದ್ದು ನನ್ನ ಜೊತೆ.