ಒಂದರ ಕೆಳಗೊಂದು ಎರಡು ಹೆಸರು

ಕೂಡ್ಲಿಗಿ,
ಭಾನುವಾರ, 15 ಜೂನ್ 2025

ನನ್ನ ಕಂದ ಸುಕನ್ಯಾಗೆ ಅವ್ವನ ಆಶೀರ್ವಾದಗಳು.

ಹೇಗಿದ್ದೀಯ? ಹಡಗಲಿಯಲ್ಲಿ ಚಿಗವ್ವ ಹೊಟ್ಟೆ ತುಂಬ ಉಣ್ಣಿಸುತ್ತಾಳೋ, ಇಲ್ಲಾ ನೀನೇ ತಟ್ಟೆ ದೂಡಿ ಏಳುತ್ತೀಯೋ? ಫೋನ್ ಮಾಡಿದರೆ ಎತ್ತುವುದಿಲ್ಲ, ಮೆಸೇಜ್ ನೋಡುವುದಿಲ್ಲ. ಅದಕ್ಕೇ ಈ ಕಾಗದ. ಅಂಗನವಾಡಿ ಟೀಚರಾದ ನನ್ನ ಕೈಬರಹ ಓದಲು ಬರಲಿಲ್ಲ ಎಂದು ನೆಪ ಹೇಳಬೇಡ. ನನ್ನ ಮೊಣಕಾಲು ನೋವು ಇದ್ದ ಹಾಗೇ ಇದೆ, ಅದೇನು ಬಿಟ್ಟು ಹೋಗುವ ನೆಂಟನಲ್ಲ. ನಿಮ್ಮಪ್ಪ ಬಾಗಿಲು ಸಪ್ಪಳವಾದರೆ ಸಾಕು, ನೀನೇ ಬಂದೆ ಎಂದು ಎದ್ದು ನೋಡುತ್ತಾರೆ.

ತೀರಿಹೋದ ಬೊಮ್ಮಮ್ಮನ ದಿನದ ಕಾರ್ಯ ಮುಗಿಯಿತು. ನಾನೂ ಹೋಗಿದ್ದೆ. ಹಿಂದಿನ ಓಣಿಯ ಹೆಣ್ಣುಮಗಳು, ಪಾಪ, ಫಿಟ್ಸ್ ಬಂದು ಒಲೆಯ ಮುಂದೆ ಬಿದ್ದವಳು ಮತ್ತೆ ಏಳಲಿಲ್ಲ. ಫಿಟ್ಸಿಗೆಂದು ಡಾಕ್ಟರು ಬರೆದದ್ದು ಕಾರ್ಬಮಜೆಪಿನ್. ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ನೀನು ಕೊಟ್ಟದ್ದು ಥೈರಾಯ್ಡಿನ ಕಾರ್ಬಿಮಜೋಲ್. ಕಂಪ್ಯೂಟರಿನಲ್ಲಿ ಮೊದಲ ನಾಲ್ಕು ಅಕ್ಷರ ಒತ್ತಿದರೆ ಎರಡೂ ಒಂದರ ಕೆಳಗೊಂದು ಬರುತ್ತಿದ್ದವು. ಹೊರಗೆ ಜನ ಕೂಗುತ್ತಿದ್ದರು, ನಿನ್ನ ಬೆರಳು ಒಂದು ಸಾಲು ತಪ್ಪಿತು. ತಪ್ಪು ನಿನ್ನದಲ್ಲ ಎಂದು ನಾನು ಹೇಳುವುದಿಲ್ಲ ಮಗಳೇ, ಹೇಳಿದರೂ ನೀನು ನಂಬುವುದಿಲ್ಲ. ಆದರೆ ನಿನ್ನೊಬ್ಬಳದೇ ಅಲ್ಲ.

ಈ ಎರಡು ಹೆಸರು ಅದಲುಬದಲಾಗುತ್ತವೆ ಎಂದು ಆಸ್ಪತ್ರೆಯ ಮ್ಯಾನೇಜರಿಗೆ ನೀನು ಮೊದಲೇ ಹೇಳಿದ್ದೆ. ಮನೆಗೆ ಬಂದು ನನ್ನ ಮುಂದೆ ಸಿಟ್ಟಿನಲ್ಲಿ ಒದರಿದ್ದು ಇನ್ನೂ ಕಿವಿಯಲ್ಲಿದೆ: "ಅವ್ವಾ, ನಮ್ಮ ಓಣ್ಯಾಗ ಮೂರು ಮಂದಿ ಗಾಳೆಮ್ಮ ಅದಾರ. ಬರೇ ಗಾಳೆಮ್ಮ ಅಂತ ಯಾರರ ಕರೀತಾರೇನು? ಅಂಗನವಾಡಿ ಗಾಳೆಮ್ಮ, ಹಾಲಿನ ಗಾಳೆಮ್ಮ, ಮೂಲಿಮನಿ ಗಾಳೆಮ್ಮ. ಗುರುತು ಮುಂದ ಇರತೈತಿ. ಮಾತ್ರಿಗೂ ಹಂಗ ಇಡ್ರಿ ಅಂದ್ರ ನಗತಾರ." ಈಗ ಹಾಗೇ ಇಟ್ಟಿದ್ದಾರಂತೆ. ನಿನ್ನ ಜೊತೆ ಕೌಂಟರಿನಲ್ಲಿ ಕೂರುವ ಕೋಮಲಾ ಬಂದು ಹೇಳಿದಳು. ಹೆಸರಿನ ಮುಂದೆಯೇ 'ಫಿಟ್ಸ್', 'ಥೈರಾಯ್ಡ್' ಎಂದು ಬರುತ್ತದಂತೆ, ಬೇರೆಯಾಗಿರುವ ಅಕ್ಷರಗಳು ದಪ್ಪಗೆ ಕಾಣುತ್ತವಂತೆ, ಕಾಯಿಲೆ ಯಾವುದೆಂದು ಒತ್ತದಿದ್ದರೆ ಬಿಲ್ಲೇ ಆಗುವುದಿಲ್ಲವಂತೆ. ಕೇಳಿ ನನಗೆ ಸಂತೋಷವಾಗಲಿಲ್ಲ, ಸಿಟ್ಟು ಬಂತು. ಇಷ್ಟು ಮಾಡಲು ಒಬ್ಬ ತಾಯಿ ಸಾಯಬೇಕಿತ್ತೇ?

ಕೆಲಸಕ್ಕೆ ವಾಪಸ್ ಹೋಗು ಎಂದು ನಾನು ಒತ್ತಾಯ ಮಾಡುವುದಿಲ್ಲ. ಉಣ್ಣು, ಮಲಗು, ಅಳಬೇಕೆನಿಸಿದರೆ ಅತ್ತುಬಿಡು. ಚಿಗವ್ವನಿಗೂ ಅವಳ ಮಕ್ಕಳಿಗೂ ನಾನು ಕೇಳಿದೆನೆಂದು ಹೇಳು. ನೀನು ತಣ್ಣಗಿರು ನನ್ನವ್ವಾ.

ನಿನ್ನ ಅವ್ವ,
ಗಾಳೆಮ್ಮ

ತಾ.ಕ.: ಇದನ್ನು ಮೇಲೆ ಬರೆಯಲು ಧೈರ್ಯ ಬರಲಿಲ್ಲ, ಈಗ ಬಸ್ಸಿಗೆ ಹೊತ್ತಾಯಿತು. ಈ ಕಾಗದ ತಂದವನು ಬೊಮ್ಮಮ್ಮನ ಗಂಡ ಹುಲುಗಣ್ಣ. ಅವರ ಮಗಳು ಮಾಲಾಗೂ ಮೊನ್ನೆ ಫಿಟ್ಸ್ ಬಂತು, ಅವಳಿಗೂ ಅದೇ ಕಾರ್ಬಮಜೆಪಿನ್ ಮಾತ್ರೆ ಬರೆದಿದ್ದಾರೆ. ಇದು ಸರಿಯಾದದ್ದೇ ಎಂದು ಡಾಕ್ಟರು ಓದಿ ತೋರಿಸಿದರೂ ಕೊಡಲು ಅವನಿಗೆ ಕೈ ಬರುತ್ತಿಲ್ಲ. "ಸುಕನ್ಯವ್ವ ನೋಡಿ ಹೌದು ಅನ್ಲಿ, ಆಮ್ಯಾಲೆ ಕೊಡ್ತೀನ್ರಿ. ಆಕಿ ಇನ್ನೊಮ್ಮಿ ತಪ್ಪಂಗಿಲ್ಲ" ಅನ್ನುತ್ತಾನೆ. ನಿನ್ನೆ ತಂದ ಮಾತ್ರೆಯನ್ನು ಮಗು ಇನ್ನೂ ನುಂಗಿಲ್ಲ. ಅವಳ ಕೈ ಹಿಡಿದುಕೊಂಡು ಹೊರಗೇ ನಿಂತಿರುತ್ತಾನೆ. ಒಳಗೆ ಕರೆ.