ಎಚ್ಚರವಿದ್ದು ಹಡೆಯಬೇಕು

೯ ಜನವರಿ ೧೯೩೮, ರವಿವಾರ. ಯಮಕನಮರಡಿ

ಜೋಳ ಹಸನು ಮಾಡಿದ್ದಾಯಿತು. ರೊಟ್ಟಿ ಆಯಿತು. ಬೆನ್ನು ನೋವು. ಅತ್ತೆ ಕಾಶೆವ್ವನವರು ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ಮತ್ತೆ ಅದೇ ಮಾತು ತೆಗೆದರು.

“ಈ ಸಲಾನೂ ಪ್ಯಾಟಿ ದವಾಖಾನಿಗೇ ಹೋಗೂದು. ನಿನ್ನ ಗಂಡಗ, ಗುರುಲಿಂಗಪ್ಪಗ ಹೇಳೇನಿ. ಅಂವ ಯಲ್ಲಾರಿ ಅನ್ನೂ ಮೋಟಾರ ಡ್ರೈವರಗ ಹೇಳಿ ಇಟ್ಟಾನ.”

ಹೆಂಚು ಇಳಿಸುತ್ತಾ ಸುಮ್ಮನಿದ್ದೆ. ಸೊಸೆ ಸುಮ್ಮನಿದ್ದರೆ ಒಪ್ಪಿದಂತೆ ಎಂಬುದು ಈ ಮನೆಯ ಲೆಕ್ಕ. ನಾನು ಒಪ್ಪಿಲ್ಲ. ಬಾಯಿಂದ ಬರಲಿಲ್ಲ, ಇಲ್ಲಿ ಬರೆದೆ — ಹೋಗುವುದಿಲ್ಲ.

೧೪ ಜನವರಿ, ಸಂಕ್ರಾಂತಿ

ಎಳ್ಳು ಕೊಡಲು ಬಂದವರೆಲ್ಲ ನನ್ನ ಹೊಟ್ಟೆ ನೋಡಿ ಗಂಡೋ ಹೆಣ್ಣೋ ಎಂದು ತೀರ್ಪು ಕೊಟ್ಟು ಹೋದರು. ಬಸುರಿಗೆ ಏನು ಬೇಕು ಎಂದು ಮಾತ್ರ ಯಾರೂ ಕೇಳಲಿಲ್ಲ.

ಮೊದಲನೆಯ ಹೆರಿಗೆ ಮೇಲವಂಕಿಯಲ್ಲಿ, ಅಪ್ಪನ ಮನೆಯಲ್ಲಿ ಆಗಬೇಕಿತ್ತು. ಅವ್ವ ಇಲ್ಲದ ಮನೆ, ನೋಡುವವರು ಯಾರು ಎಂದು ಅತ್ತೆ ಕಳಿಸಲಿಲ್ಲ. ಪೇಟೆಯ ದವಾಖಾನೆ. ಎತ್ತರದ ಟೇಬಲ್ಲು. ಮೂಗಿನ ಮೇಲೆ ಅರಿವೆ, ಕ್ಲೋರೋಫಾರ್ಮಿನ ಸಿಹಿ ವಾಸನೆ... ಎಚ್ಚರಾದಾಗ ಹೊಟ್ಟೆ ಖಾಲಿ. ಮಗ್ಗುಲೂ ಖಾಲಿ. ಕೂಸಿನ ತಲೆಗೆ ಚಿಮಟಾ ಹಾಕಿ ಎಳೆದು ತೆಗೆದರಂತೆ. ಗಂಡಂತೆ. ಸ್ವಲ್ಪ ಹೊತ್ತು ಉಸಿರಾಡಿತಂತೆ. ನಾನು ಕಣ್ಣು ಬಿಡುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಎಲ್ಲಾ ಅಂತೆ, ಅಂತೆ. ನಾನು ಹೆತ್ತ ಕೂಸಿನ ಸುದ್ದಿ ನನಗೆ ಬೇರೆಯವರ ಬಾಯಿಂದ.

ಡಾಕ್ಟರರು ಒಳ್ಳೆಯವರೇ. ಯಾರ ತಪ್ಪೋ, ಯಾರ ತಪ್ಪೂ ಅಲ್ಲವೋ, ತಿಳಿಯದು. ಅವನ ಮುಖ ಹೇಗಿತ್ತು ಎಂದು ಕೇಳಿದೆ. ಇವರು ದೂರದಿಂದ ನೋಡಿದ್ದರು. ಅತ್ತೆ ಕೈಯಲ್ಲಿ ಹಿಡಿದಿದ್ದರು. “ಕೂಸಿನ ಮಾರಿ ಎಲ್ಲಾವೂ ಒಂದ ನಮೂನಿ. ಏನ್ ಕೇಳ್ತಿ, ಬಿಡು” ಎಂದರು. ಆಮೇಲೆ ಕೇಳಲಿಲ್ಲ.

ಈ ಸಲ ಸಾಯಲಿ, ಬದುಕಲಿ, ನಾನು ಎಚ್ಚರ ಇರಬೇಕು. ಮುಖ ನೋಡಬೇಕು.

೨೩ ಜನವರಿ, ರವಿವಾರ

ಅತ್ತೆ ಮಠಕ್ಕೆ ಹೋದ ಹೊತ್ತು ನೋಡಿ ಸೂಲಗಿತ್ತಿ ಸಾತವ್ವನನ್ನು ಕರೆಸಿದೆ. ಹಿತ್ತಲ ಬಾಗಿಲಿಂದ ಬಂದಳು. ಈ ಮನೆಯ ಮುಂಬಾಗಿಲು ಅವಳು ತುಳಿದು ಬಹಳ ವರ್ಷವಾಯಿತು. ನಾದಿನಿ ಗೌರವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದು ಇಲ್ಲೇ, ನಡುಮನೆಯಲ್ಲೇ ತೀರಿದಳು. ರಕ್ತ ನಿಲ್ಲಲಿಲ್ಲ. ಕೂಸೂ ಉಳಿಯಲಿಲ್ಲ. ನಾನು ಈ ಮನೆಗೆ ಬರುವ ಮುಂಚಿನ ಮಾತು. ಅವಳ ಟ್ರಂಕು ಈಗಲೂ ಅಲ್ಲೇ ಇದೆ, ಬೀಗ ಹಾಕಿ. ಕೀಲಿ ಅತ್ತೆಯ ಸೊಂಟದಲ್ಲಿ.

ಸಾತವ್ವ ಎಣ್ಣೆ ಕೈಯಿಂದ ಹೊಟ್ಟೆ ನೋಡಿದಳು. “ತಲಿ ಕೆಳಗ ಬರಾಕ ಇನ್ನೂ ಟೈಮ್ ಐತ್ರಿ ಅವ್ವಾರ. ನಡ್ಯಾಡ್ರಿ, ಬೀಸ್ರಿ. ಬ್ಯಾನಿ ಬಂದಾಗ ಮಲಗಬ್ಯಾಡ್ರಿ, ಕುಂತು ಹಡೀರಿ. ಅವಸರ ಮಾಡ್ಲಿಲ್ಲಂದ್ರ ಕೂಸು ತನ್ನ ಹಾದಿ ತಾನ ಹಿಡೀತೈತಿ.”

“ಗೌರವ್ವಗೂ ಹಿಂಗ ಹೇಳಿದ್ದ್ಯೇನು?” ಎಂದು ಕೇಳಿಬಿಟ್ಟೆ. ಕೇಳಬಾರದಿತ್ತು.

ಅವಳು ಕೈ ಒರೆಸಿಕೊಂಡಳು. “ಹೇಳಿದ್ದೆ. ಆಕಿ ನನ್ನ ಕೈಯಾಗ ಹೋದ್ಲು. ಮರತಿಲ್ಲರಿ. ಎಲ್ಲಾ ನನ್ನ ಕೈಯಾಗ ಇಲ್ಲ. ರಗತ ಭಾಳ ಹೊಂಟ್ರ ನಾನ ನಿಮ್ಮನ್ನ ಮೋಟಾರ ಹತ್ತಸ್ತೇನಿ. ಅದಕ್ಕ ನೀವು ಹ್ಞೂಂ ಅಂದ್ರ ಬರ್ತೇನಿ.”

ಹ್ಞೂಂ ಅಂದೆ. ಭಯವೂ ಆಯಿತು. ಅತ್ತೆಯ ಭಯ ಸುಳ್ಳಲ್ಲ ಎಂದು ಮೊದಲ ಸಲ ಅನ್ನಿಸಿತು.

೬ ಫೆಬ್ರುವರಿ, ರವಿವಾರ

ಎಂಟನೇ ತಿಂಗಳು. ಮಠದ ಅಯ್ಯನವರು ಬಂದು ಹೊಟ್ಟೆಯಲ್ಲಿರುವ ಕೂಸಿಗೆಂದು ಲಿಂಗ ಕೊಟ್ಟರು. ನನ್ನ ರಟ್ಟೆಗೆ ಕಟ್ಟಿದ್ದಾರೆ. ಹುಟ್ಟಿದ ಮೇಲೆ ಅದಕ್ಕೆ. ಮೊದಲಿನವನದು ಅವನ ಜೊತೆಗೇ ಮಣ್ಣಿಗೆ ಹೋಯಿತು.

ಇವರಿಗೆ ಎಲ್ಲ ಹೇಳಿದೆ. “ನೋಡೂಣು” ಎಂದರು. ಇವರ ‘ನೋಡೂಣು’ ಎಂಬ ಚೀಲದಲ್ಲಿ ಹೊಲ, ಮನೆ, ಮಳೆ, ಹೆಂಡತಿ ಎಲ್ಲ ಹಿಡಿಯುತ್ತದೆ. ಆದರೆ ಸಂಜೆ ತಾವಾಗಿಯೇ ಅವ್ವನ ಮುಂದೆ ಬಾಯಿ ಬಿಟ್ಟರು.

“ಎರಡೂ ಇರ್ಲಿ, ಅವ್ವಾ. ಸಾತವ್ವ ಒಳಗ, ಮೋಟಾರ ಹೊರಗ.”

ಅತ್ತೆ ಊಟ ಮಾಡದೆ ಮಲಗಿದರು.

೩ ಮಾರ್ಚ್, ಗುರುವಾರ

ಶಿವರಾತ್ರಿ ಮುಗಿಯಿತು. ಬಸುರಿಗೆ ಉಪವಾಸ ಬೇಡ ಎಂದು ಅತ್ತೆಯೇ ಹಾಲು ಬಾಳೆಹಣ್ಣು ತಂದಿಟ್ಟರು. ಮಾತಿಲ್ಲ. ಆದರೆ ಹಾಲಿಗೆ ಏಲಕ್ಕಿ ಹಾಕಿದ್ದರು.

೧೭ ಮಾರ್ಚ್, ಗುರುವಾರ. ಬೆಳಿಗ್ಗೆ

ಬ್ಯಾನಿ ಸುರುವಾಗಿದೆ. ಯಾರಿಗೂ ಹೇಳಿಲ್ಲ. ಈಗಲೇ ಹೇಳಿದರೆ ಅತ್ತೆ ಮೋಟಾರು ಹತ್ತಿಸುತ್ತಾರೆ. ಬೀಸುವ ಕಲ್ಲಿನ ಮುಂದೆ ಕೂತಿದ್ದೇನೆ. ನೋವು ಬಂದಾಗ ಗೂಟ ಹಿಡಿದು ತಿರುಗಿಸುವುದು, ಹೋದಾಗ ಇಲ್ಲಿ ಬರೆಯುವುದು. ಹಿಟ್ಟು ದಪ್ಪ ಬೀಳುತ್ತಿದೆ. ಇವತ್ತಿನ ರೊಟ್ಟಿ ತಿನ್ನುವವರನ್ನು ಬಸವಣ್ಣನೇ ಕಾಯ — ಮತ್ತೆ ಬಂತು

೨೪ ಮಾರ್ಚ್, ಗುರುವಾರ. ಮಧ್ಯಾಹ್ನ

ಹೆಣ್ಣು. ಮಗ್ಗುಲಲ್ಲಿ ಮಲಗಿದೆ. ಹೊರಸಿನ ಕೆಳಗೆ ಕೆಂಡ, ಲೋಬಾನದ ಹೊಗೆ, ಮೈತುಂಬ ಅರಿಸಿನ. ಬರೆಯಬೇಡ, ಕಣ್ಣು ಹೋಗುತ್ತವೆ ಎನ್ನುತ್ತಾರೆ. ಅತ್ತೆ ನಿದ್ದೆ ಹೋಗಿದ್ದಾರೆ. ಮರೆಯುವ ಮುಂಚೆ ಬರೆಯುತ್ತೇನೆ.

ಅವತ್ತು ಕಲ್ಲಿನ ಸಪ್ಪಳ ನಿಂತು ನಿಂತು ಬರುವುದು ಅತ್ತೆಯ ಕಿವಿಗೆ ಬಿದ್ದಿತ್ತು. ಬಂದು ನಿಂತರು. “ಯಾವಾಗಿಂದ?” ಎಂದರು, ಅಷ್ಟೇ. ಸುಳ್ಳು ಹೇಳಲಾಗಲಿಲ್ಲ. ಒಂದು ಆಳು ಸಾತವ್ವನ ಮನೆಗೆ ಓಡಿತು, ಒಂದು ಮೋಟಾರ ಸ್ಟ್ಯಾಂಡಿಗೆ. ಮೋಟಾರು ಮೊದಲು ಬಂತು. ಬಾಗಿಲ ಮುಂದೆ ಗುರ್ ಎನ್ನುತ್ತಾ ನಿಂತಿತು.

“ಏಳು, ಪಾರೂ.”

ನಾನು ಕಲ್ಲಿನ ಗೂಟ ಬಿಡಲಿಲ್ಲ.

“ಗೌರೀನೂ ಹಿಂಗ ಹಟಾ ಮಾಡಿದ್ಲ. ನಿನ್ನೂ ಕಳಕೊಳ್ಳಾಕ ನನ್ನ ಕಡಿಂದ ಆಗಂಗಿಲ್ಲ” ಎಂದರು. ದನಿ ನಡುಗಿತು. ಅತ್ತೆಯ ದನಿ ನಡುಗಿದ್ದನ್ನು ನಾನು ಕೇಳಿರಲಿಲ್ಲ.

ಆಗ ಅಂದುಬಿಟ್ಟೆ. “ಅತ್ತೀ, ನಿಮ್ಮ ಮಗಳ ಮಾರಿ ನೀವು ಕಣ್ತುಂಬ ನೋಡಿ ಕಳಿಸಿದ್ರಿ. ನನ್ನ ಮಗನ ಮಾರಿ ನನಗ ಯಾರೂ ತೋರಿಸ್ಲಿಲ್ಲರಿ. ನಾ ಇನ್ನೊಮ್ಮಿ ಎಚ್ಚರ ತಪ್ಪಿ ಹಡಿಯಂಗಿಲ್ಲ. ಕಾಲಿಗೆ ಬೀಳ್ತೇನಿ.”

ಅತ್ತೆ ಹೊರಗೆ ಹೋದರು. “ಯಲ್ಲಾರೀ, ಮಶೀನ ಬಂದ್ ಮಾಡು. ಹೋಗಬ್ಯಾಡ, ಇಲ್ಲೇ ಇರು” ಎಂದದ್ದು ಕೇಳಿಸಿತು. ಗುರ್ ನಿಂತಿತು. ಸಾತವ್ವ ಬಂದಳು, ಮುಂಬಾಗಿಲಿಂದ.

ನಡೆದೆ. ತೊಲೆಗೆ ಹಗ್ಗ ಕಟ್ಟಿದ್ದರು, ಅದನ್ನು ಹಿಡಿದು ಜೋತಾಡಿದೆ. ಚೀರಿದೆ ಕೂಡ. ಯಾರೂ ಬಾಯಿ ಮುಚ್ಚು ಎನ್ನಲಿಲ್ಲ. ಬಿಸಿಲು ಏರಿದರೂ ಕೂಸು ಇಳಿಯಲಿಲ್ಲ. ಸಾತವ್ವ ಹೊಟ್ಟೆಗೆ ಕೈಯಿಟ್ಟು, “ದಣದೈತಿ ಅಷ್ಟರಿ. ತಡೀರಿ” ಎಂದಳು. ಆಮೇಲೆ ಅತ್ತೆಯ ಕಡೆ ತಿರುಗಿ, “ಮನ್ಯಾಗಿಂದೆಲ್ಲಾ ತಗೀರಿ, ಅವ್ವಾರ.”

ಹೆರಿಗೆ ತಡವಾದರೆ ಮನೆಯಲ್ಲಿ ಮುಚ್ಚಿದ್ದೆಲ್ಲ ತೆರೆಯುವುದು ವಾಡಿಕೆ. ಬಾಗಿಲು ತೆರೆದರು. ಗಡಿಗೆಗಳ ಮುಚ್ಚಳ ತೆಗೆದರು. ಇವರು ಕೊಟ್ಟಿಗೆಗೆ ಹೋಗಿ ಎತ್ತುಗಳ ಕಣ್ಣಿ ಬಿಚ್ಚಿದರು. ಮನೆಯ ಗಂಟೆಲ್ಲ ಬಿಚ್ಚಿತು, ನಾನು ಜೋತುಬಿದ್ದ ಹಗ್ಗದ ಗಂಟು ಒಂದು ಬಿಟ್ಟು. ಒಂದು ಬೀಗ ಉಳಿದಿತ್ತು.

ಅತ್ತೆ ಸೊಂಟದ ಕೀಲಿ ತೆಗೆದರು. ಜಂಗು ಹಿಡಿದ ಬೀಗ, ಬೇಗ ಬಗ್ಗಲಿಲ್ಲ. ಎರಡೂ ಕೈಯಿಂದ ತಿರುವಿದರು. ಕಟಕ್ ಎಂದಿತು. ಟ್ರಂಕಿನ ಮುಚ್ಚಳ ಎತ್ತಿ ಗೋಡೆಗೆ ಒರಗಿಸಿ, ಒಳಗೆ ನೋಡದೆ ಬಂದು ನನ್ನ ಬೆನ್ನ ಹಿಂದೆ ಕೂತರು. ನಾನು ಅವರ ಎದೆಗೆ ಒರಗಿದೆ.

ಕಿವಿಯ ಹತ್ತಿರ ಹೇಳಿದರು. “ತಲಿ ತುಂಬ ಕೂದಲಾ ಇತ್ತವಂಗ. ಗದ್ದದಾಗ ಕುಣಿ, ನಿನ್ನಂಥಾದ್ದ. ಎಡಗಣ್ಣ ಒಂಚೂರು ಬಿಟ್ಟಿದ್ದ. ನನ್ನ ನೋಡಿದಾ, ಪಾರೂ. ನಿನ್ನ ಹುಡಕಾಕತ್ತಾನ ಅನಸ್ತು. ಅದಕ್ಕ ಹೇಳ್ಲಿಲ್ಲ. ನನ್ನ ಕಡಿಂದ ಆಗ್ಲಿಲ್ಲ.”

ನಾನು ಅತ್ತುಬಿಟ್ಟೆ. ಆಮೇಲಿನ ನೋವು ಎಲ್ಲಿಂದ ಬಂತೋ, ಆ ಬಲ ಎಲ್ಲಿತ್ತೋ. ಯಾರೂ ಎಳೆಯಲಿಲ್ಲ. ಸಾತವ್ವ ಕೆಳಗೆ ಕೈಯೊಡ್ಡಿ ಕೂತಿದ್ದಳು, ಅಷ್ಟೇ. ಮಗಳು ತಾನಾಗಿ ಬಂದಳು. ಅಳು ಕೇಳಿದೆ. ನನ್ನ ಕಿವಿಯಿಂದಲೇ ಕೇಳಿದೆ. ಬಳ್ಳಿ ಕೊಯ್ಯುವ ಮುಂಚೆಯೇ, ಒದ್ದೆ ಮೈಯಿಂದಲೇ ನನ್ನ ಎದೆಯ ಮೇಲೆ ಹಾಕಿದರು. ಬೆಚ್ಚಗಿದ್ದಳು. ಬಾಯಿ ತಾನೇ ಹುಡುಕಿಕೊಂಡಿತು. ಮಾಸು ಬೀಳುವ ತನಕ ಸಾತವ್ವ ರಕ್ತದ ಮೇಲಿನ ಕಣ್ಣು ತೆಗೆಯಲಿಲ್ಲ. ಬಿದ್ದಿತು, ರಕ್ತ ಕಡಿಮೆಯಾಯಿತು. ಆಗ ಗೋಡೆಗೆ ಒರಗಿ ಅತ್ತಳು. ಅತ್ತೆ ಎದ್ದು ಅವಳಿಗೆ ನೀರು ಕೊಟ್ಟರು.

ಕೂಸನ್ನು ಸುತ್ತಲು ಗೌರವ್ವನ ಟ್ರಂಕಿನಿಂದ ಮೆತ್ತನೆಯ ಹಳೆ ಸೀರೆ ತೆಗೆದರು.

ಮೋಟಾರು ಖಾಲಿಯೇ ತಿರುಗಿ ಹೋಯಿತು. ಮತ್ತೊಬ್ಬಳಿಗೆ ಅದು ಬೇಕಾದೀತು. ಅದು ಬಾಗಿಲಲ್ಲಿತ್ತು ಎಂತಲೇ ನನಗೂ ಧೈರ್ಯ ಬಂದದ್ದು, ಸುಳ್ಳೇಕೆ ಹೇಳಲಿ.

೩೦ ಮಾರ್ಚ್, ಬುಧವಾರ

ನಿನ್ನೆ ತೊಟ್ಟಿಲಿಗೆ ಹಾಕಿದರು. ಗೌರವ್ವ ಎಂದೇ ಕರೆಯೋಣ ಎಂದೆ. ಅತ್ತೆ ಬೇಡ ಎಂದರು. “ಆಕಿ ಹೆಸರು ಆಕಿಗೇ ಇರ್ಲಿ. ಇಕಿ ಬ್ಯಾರೆ.” ಸೀತವ್ವ ಎಂದಾಯಿತು. ಟ್ರಂಕಿಗೆ ಇನ್ನೂ ಬೀಗ ಬಿದ್ದಿಲ್ಲ.

ಮುಖ ಬರೆದಿಡಬೇಕು ಎಂದು ಕೂತಿದ್ದೇನೆ. ಮೊದಲು ಅವನದು. ಅವನದು ಬೇರೆಲ್ಲೂ ಇಲ್ಲ.

ತಲೆ ತುಂಬ ಕೂದಲು. ಗದ್ದದಲ್ಲಿ ಕುಳಿ, ನನ್ನದೇ. ಎಡಗಣ್ಣು ಸ್ವಲ್ಪ ತೆರೆದು...

ಎದ್ದಳು. ಬಂದೆ, ತಾಯಿ, ಬಂದೆ. ನಿನ್ನದನ್ನು ಬರೆಯುವ ಅವಸರ ಏನೂ ಇಲ್ಲ, ದಿನಾಲೂ ನೋಡುತ್ತಾ ಇರುತ್ತೇ —