ಖಾಲಿ ಇದ್ದಾಗ ತೆಗೆದ ಅಳತೆ

ಅಕ್ಕಾ,

ಈ ಕಾಗದವನ್ನು ನಿನಗೆ ಯಾರಾದರೂ ಓದಿ ಹೇಳುತ್ತಾರೆ. ಅವರ ದನಿಯಲ್ಲಿ ನನ್ನ ಮಾತು ಇನ್ನಷ್ಟು ದೂರದ್ದೆನಿಸಬಹುದು, ಅದೂ ಒಳ್ಳೆಯದೇ.

ನಿನ್ನ ನಿದ್ದೆ ಹೋಗಿ ಎಂಟು ತಿಂಗಳಾಗಿತ್ತು. ಮಾತ್ರೆಗಳು ಸೋತಿದ್ದವು. ನೀನು ಬಾಗಿಲು ತೆರೆದು ಬೀದಿಗಿಳಿಯತೊಡಗಿದ ಮೇಲೆ ಡಾಕ್ಟರು, ತಿಂಗಳೊಳಗೆ ನಿದ್ದೆ ಬರದಿದ್ದರೆ ಇಲ್ಲಿಗೆ ಸೇರಿಸಿ ಎಂದು ಆರೈಕೆ ಕೇಂದ್ರದ ವಿಳಾಸ ಬರೆದುಕೊಟ್ಟರು. "ಅಲ್ಲಿಗೆ ಮಾತ್ರ ಹಾಕ್ಬೇಡ ಕಣೋ" ಎಂದು ನೀನು ನನ್ನ ತೋಳು ಹಿಡಿದೆ. ಹಾಕುವುದಿಲ್ಲ ಎಂದು ಮಾತು ಕೊಟ್ಟೆ. ಮೂವತ್ತು ವರ್ಷ ಕಂಡವರಿಗೆಲ್ಲ ಮನೆಯ ನಕ್ಷೆ ಬರೆದುಕೊಟ್ಟವನಿಗೆ ಒಂದು ಕೋಣೆ ಕಷ್ಟವೇ?

ಯುದ್ಧದ ಕಾಲದಲ್ಲಿ, ನಾನು ಹುಟ್ಟುವ ಮೊದಲು, ಮೇಲೆ ಬಾಂಬು ಬೀಳುವಾಗಲೂ ಮಣ್ಣಿನ ಅಡಗುದಾಣದಲ್ಲಿ ನೀನು ಕಣ್ತುಂಬ ಮಲಗುತ್ತಿದ್ದೆಯೆಂದು ನೀನೇ ಹೇಳಿದ್ದೆ. ಹಳೆಯ ಶಾಲೆಯ ಹಿಂದೆ ಅದಿನ್ನೂ ಉಳಿದಿತ್ತು. ಟೇಪು ಹಿಡಿದು ಇಂಚಿಂಚೂ ಅಳೆದೆ. ಹಿತ್ತಲಲ್ಲಿ ಅದನ್ನೇ ಕಟ್ಟಿಸಿದೆ: ಮಣ್ಣಿನ ಗೋಡೆ, ಕಮಾನಿನ ಮಾಡು, ಅದರ ಮೇಲೆ ಮೊಳ ದಪ್ಪ ಮಣ್ಣು, ಬೆಳಕು ನೇರ ಬೀಳದಂತೆ ತಿರುವಿಟ್ಟ ಬಾಗಿಲು. "ಏನ್ ಸಾರ್, ಇಲಿಗೆ ಮನೆ ಕಟ್ಟಿಸ್ತಿದೀರಾ?" ಎಂದು ಮೇಸ್ತ್ರಿ ನಕ್ಕ. ಅಕ್ಕನಿಗೆ ಎಂದ ಮೇಲೆ ನಗಲಿಲ್ಲ. ಗೋಡೆಯನ್ನು ಬರಿಗೈಯಲ್ಲಿ ಸವರಿ ನುಣುಪು ಮಾಡಿದ.

ನೀನು ಒಳಗೆ ಕೂತು ಎರಡೂ ಕೈ ಚಾಚಿದೆ. "ಜಾಗ ಜಾಸ್ತಿಯಾಯ್ತಲ್ಲೋ." ಮೇಸ್ತ್ರಿ ಗೋಡೆಯನ್ನು ಒಂದು ಗೇಣು ಒಳಗೆ ತಂದ. "ಇನ್ನೂ ಜಾಸ್ತಿ." ಮತ್ತೊಂದು ಗೇಣು. ಕೊನೆಗೆ ದಡ್ಡ ಹುಡುಗನಿಗೆ ಪಾಠ ಹೇಳುವಂತೆ ಹೇಳಿದೆ: "ಹನ್ನೊಂದು ಜನ ಇದ್ವಿ ಕಣೋ. ಅಮ್ಮನ ಮೊಣಕೈ ನನ್ನ ಪಕ್ಕೇಲಿ, ದರ್ಜಿ ಮಾಮನ ಗೊರಕೆ ಕಿವೀಲಿ."

ನಾನು ಅಳತೆ ತೆಗೆದದ್ದು ಖಾಲಿ ಇದ್ದಾಗ. ನಮ್ಮ ಕಸುಬಿನಲ್ಲಿ ಹಾಗೇ ತೆಗೆಯುವುದು. ಆ ಹನ್ನೊಂದು ಜನರಲ್ಲಿ ಈಗ ಉಳಿದವಳು ನೀನೊಬ್ಬಳೇ. ನಾನು ಬಂದು ಪಕ್ಕದಲ್ಲಿ ಕೂತೆ. ನೀನು ಸರಿದು ಜಾಗ ಬಿಟ್ಟೆ, ನೆಂಟರಿಗೆ ಬಿಡುವಂತೆ.

ತಿಂಗಳು ತುಂಬಿತು, ನಿದ್ದೆ ಬರಲಿಲ್ಲ. ಸೋಮವಾರ ಆರೈಕೆ ಕೇಂದ್ರದ ವ್ಯಾನು ಬಂತು. ನಿನ್ನ ಚಪ್ಪಲಿಯ ಪಟ್ಟಿ ನಾನೇ ಹಾಕಿದೆ.

ನಿನ್ನೆ ಅಲ್ಲಿಯ ದಾದಿ ಫೋನು ಮಾಡಿದ್ದಳು. ಕೋಣೆ ಚಿಕ್ಕದು, ಆರು ಮಂಚ, ನಡುವೆ ಕಾಲಿಡಲೂ ಜಾಗವಿಲ್ಲ, ಬೇಸರ ಮಾಡಿಕೊಳ್ಳಬೇಡಿ ಎಂದಳು. "ಆದ್ರೂ ನಿಮ್ಮಕ್ಕ ಬಂದ ದಿನದಿಂದ ಎಂಥಾ ನಿದ್ದೆ ಅಂತೀರಾ! ಎಬ್ಬಿಸಿದ್ರೂ ಏಳಲ್ಲ." ಸಂತೋಷ ಎಂದೆ. ಫೋನಿಟ್ಟ ಮೇಲೂ ಒಮ್ಮೆ ಎಂದೆ.

ಭಾನುವಾರ ಬರುತ್ತೇನೆ. ಮಲಗಿದ್ದರೆ ಎಬ್ಬಿಸುವುದಿಲ್ಲ. ನಿನ್ನ ಮಗ್ಗುಲು ಬೆಚ್ಚಗಿರಲಿ.

ನಿನ್ನ ತಮ್ಮ